ತಾರಸಿ ತೋಟ: ಬಳಸುವ ಮುನ್ನ ಪೂರ್ತಿ ಓದಿ

ಅಭಿನಂದನೆಗಳು! ನೀವೀಗ ಒಂದು ತಾರಸಿ ತೋಟದ ಯಜಮಾನರು.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿಬರುತ್ತೇವೆಂದು ಹೋದ ಬೆಂಗಳೂರಿನ ಸಂಸಾರಗಳು ಬರಿಗೈಯಲ್ಲಿ ವಾಪಸಾದ ಉದಾಹರಣೆ ಕಡಿಮೆ. ಆಗಸ್ಟ್ 15ರ ಸುಮಾರಿಗೆ ಒಮ್ಮೆ, ಜನವರಿ 26ರ ಸುಮಾರಿಗೆ ಇನ್ನೊಮ್ಮೆ ಗಾಜಿನ ಮನೆಯೊಳಗೆ ಹೂವಿನಲ್ಲಿ ಕಟ್ಟಿದ ಗೋಪುರದ ಮುಂದೆ ಸೆಲ್ಫಿ ತೆಗೆದುಕೊಂಡು, ಚುರುಮುರಿ ತಿಂದು, ಹೊರಬರುವ ದಾರಿಯಲ್ಲಿ ‘ಸುಮ್ಮನೆ ನೋಡೋಣ’ ಎಂದು ನರ್ಸರಿ ಮಳಿಗೆಗೆ ಕಾಲಿಡುತ್ತಾರೆ. ಆಮೇಲೆ ಎರಡು ಸೇವಂತಿಗೆ, ಒಂದು ದೊಡ್ಡಪತ್ರೆ, ಐದಾರು ಬಗೆಯ ಬೀಜದ ಪೊಟ್ಟಣ ಹಿಡಿದು ಆಟೋ ಹತ್ತುತ್ತಾರೆ. ಹೈದರಾಲಿ 1760ರಲ್ಲಿ ಲಾಲ್‌ಬಾಗಿಗೆ ಕೈಹಾಕಿದಾಗ ಅವನಿಗೆ 40 ಎಕರೆ ಇತ್ತು. ನಿಮಗಿರುವುದೂ ಮೂವತ್ತು-ನಲವತ್ತೇ, ಆದರೆ ಅಡಿ. ಅದರಲ್ಲೂ ನೀರಿನ ಟ್ಯಾಂಕು, ಸೋಲಾರು, ಡಿಶ್ ಆಂಟೆನಾ, ಬಟ್ಟೆ ಒಣಹಾಕುವ ತಂತಿ, ‘ಮುಂದೆ ಬೇಕಾಗಬಹುದು’ ಎಂದು ಇಟ್ಟ ಹಳೇ ಬಾಗಿಲು, ಇಷ್ಟನ್ನೂ ಕಳೆದು ಉಳಿದದ್ದು.

ಮಿಕ್ಸಿಗೂ ಗೀಸರಿಗೂ ಕೈಪಿಡಿ ಕೊಡುತ್ತಾರೆ, ಅದನ್ನು ಯಾರೂ ಓದುವುದಿಲ್ಲ. ತೋಟಕ್ಕೆ ಮಾತ್ರ ಯಾರೂ ಕೈಪಿಡಿ ಕೊಡುವುದಿಲ್ಲ, ಬದಲಿಗೆ ಬೀದಿಯವರೆಲ್ಲ ಬಾಯಲ್ಲೇ ಹೇಳುತ್ತಾರೆ. ಈ ಕೊರತೆ ನೀಗಿಸಲು ಕೆಳಗಿನ ಸೂಚನೆಗಳು.

ಈ ಉತ್ಪನ್ನದ ಕಾರ್ಯ

ತಾರಸಿ ತೋಟವು ಸೊಪ್ಪು, ತರಕಾರಿ, ಹೂವು ಉತ್ಪಾದಿಸುತ್ತದೆ. ಇದರಲ್ಲಿ ಸಂಶಯವಿಲ್ಲ. ಆದರೆ ಬಳಕೆದಾರರು ಮೊದಲೇ ತಿಳಿದಿರಬೇಕಾದ ಒಂದು ವಿಷಯವಿದೆ: ಇದು ಪಂಕ್ತಿ ಊಟ, ಇದರಲ್ಲಿ ಯಜಮಾನರಿಗೆ ಎಲೆ ಹಾಕುವುದು ಕೊನೇ ಸಾಲಿನಲ್ಲಿ. ಮೊದಲ ಪಂಕ್ತಿ ಹೇನು, ನುಸಿ, ಹುಳುಗಳದು. ಎರಡನೆಯದು ಅಳಿಲು, ಗಿಣಿ, ಪಿಕಳಾರಗಳದು. ಮೂರನೆಯದು ಮಂಗಗಳದು, ಅವು ಬಂದ ದಿನ ನಾಲ್ಕನೆಯ ಪಂಕ್ತಿ ಇರುವುದಿಲ್ಲ. ಆಮೇಲೆ ವಾಕಿಂಗ್ ಬರುವವರು, ಅಕ್ಕಪಕ್ಕದವರು, ನೆಂಟರು, ದೇವರು. ಉಳಿದದ್ದು ನಿಮ್ಮದು. ಈ ಕ್ರಮವನ್ನು ಬದಲಾಯಿಸುವ ಗುಂಡಿ ಈ ಮಾದರಿಯಲ್ಲಿ ಇಲ್ಲ.

ಅಳವಡಿಸುವುದು

ಮೊದಲು ತಾರಸಿಯ ಭಾರದ ವಿಚಾರ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆ ತಡೆಯುವಂತೆ ಲೆಕ್ಕಹಾಕಿ ಕಟ್ಟುತ್ತಾರೆ. ಒಂದು ಅಡಿ ದಪ್ಪ ಮಣ್ಣು ಹರಡಿ ನೀರು ಹಾಯಿಸಿದರೆ ಅದೇ ಜಾಗದಲ್ಲಿ ಅರ್ಧ ಟನ್ನು ಕೂತಂತಾಯಿತು. ಆದ್ದರಿಂದ ‘ಊರಲ್ಲಿ ಅಜ್ಜ ಮಾಡುತ್ತಿದ್ದ ಹಾಗೆ ಮಡಿ ಮಾಡಿ ಬಿಡೋಣ’ ಎನ್ನುವ ಉತ್ಸಾಹ ಬೇಡ. ಅಜ್ಜನ ಮಡಿಯ ಕೆಳಗೆ ಬಾಡಿಗೆದಾರರು ಇರಲಿಲ್ಲ. ಕುಂಡಗಳನ್ನು ಗೋಡೆಯ ಮೇಲೆ, ತೊಲೆ ಹಾದುಹೋಗುವ ಕಡೆ, ಪ್ಯಾರಾಪೆಟ್ಟಿನ ಉದ್ದಕ್ಕೆ ಇಡಿ. ನಡುವೆ ಜೋಡಿಸಬೇಡಿ. ಕೆಳಗೆ ಇಟ್ಟಿಗೆಯನ್ನೋ ಕಬ್ಬಿಣದ ಸ್ಟ್ಯಾಂಡನ್ನೋ ಕೊಟ್ಟು ನಾಲ್ಕು ಬೆರಳು ಎತ್ತರಿಸಿ. ಇಲ್ಲವಾದರೆ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಮನೆಯವರ ಸೂರಿನ ಮೇಲೆ ಭೂಪಟ ಮೂಡುತ್ತದೆ. ಅವರು ಬಾಡಿಗೆಯ ಜೊತೆ ಅದನ್ನೂ ಚರ್ಚೆಗೆ ತರುತ್ತಾರೆ.

ಕುಂಡ ಯಾವುದಾದರೂ ನಡೆಯುತ್ತದೆ. ಬಣ್ಣ ಬಳಿಯುವವರು ಬಿಟ್ಟುಹೋದ 20 ಲೀಟರಿನ ಪೇಂಟ್ ಬಕೆಟ್ಟಿಗಿಂತ ಒಳ್ಳೆಯ ಕುಂಡವನ್ನು ನಾನು ಕಂಡಿಲ್ಲ. ಅಂಗಡಿಯವರು ಒಪ್ಪಲಿಕ್ಕಿಲ್ಲ. ತಳದಲ್ಲಿ ಐದಾರು ತೂತು ಕಡ್ಡಾಯ. ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಕೋಕೋಪೀಟ್ ಇವನ್ನು ಸಮಸಮ ಕಲಸಿ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಕೋಕೋಪೀಟ್ ಇಟ್ಟಿಗೆಯ ರೂಪದಲ್ಲಿ ಬರುತ್ತದೆ. ನೀರಿಗೆ ಹಾಕಿದ ಮೇಲೆ ಅದು ಬಕೆಟ್ ಮೀರಿ, ಸ್ನಾನದ ಮನೆ ಮೀರಿ ಉಬ್ಬುತ್ತದೆ. ಇದು ದೋಷವಲ್ಲ. ತೆಂಗಿನ ನಾರಿನಲ್ಲಿ ಉಪ್ಪಿರುವುದರಿಂದ ಎರಡು ಸಲ ನೀರು ಬದಲಿಸಿ ತೊಳೆದೇ ಬಳಸಬೇಕು.

ಮಣ್ಣು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಇಷ್ಟೇ. ಬೆಂಗಳೂರಿನಲ್ಲಿ ಮಣ್ಣು ದುಡ್ಡು ಕೊಟ್ಟರೆ ಸಿಗುತ್ತದೆ, ಮನೆ ಕಟ್ಟುವವರು ತಳಪಾಯ ಅಗೆಯುವಾಗ ಕೇಳಿದರೆ ಬಿಟ್ಟಿಯೂ ಸಿಗುತ್ತದೆ. ತಳಪಾಯದ ಮಣ್ಣು ನೋಡಲು ಕೆಂಪಗೆ ಚೆಂದ, ಒಳಗೆ ಸತ್ವವಿಲ್ಲ. ಮೇಲ್ಮಣ್ಣು ಕೇಳಿ.

ಗೊಬ್ಬರ ಘಟಕ

ಸಿಪ್ಪೆ, ಸೊಪ್ಪಿನ ದಂಟು, ಟೀ ಚರಟ ಇವನ್ನು ಕಸದ ಗಾಡಿಗೆ ಕೊಡದೆ ತೂತು ಮಾಡಿದ ಡ್ರಮ್ಮಿಗೆ ಹಾಕಿ. ಒಂದು ಪದರ ಹಸಿ ಕಸಕ್ಕೆ ಒಂದು ಪದರ ಒಣಗಿದ ಎಲೆ. ಫೆಬ್ರವರಿಯಲ್ಲಿ ಬೀದಿಯ ಮರಗಳು ಎಲೆ ಉದುರಿಸುವಾಗ ಗೋಣಿಚೀಲದಲ್ಲಿ ತುಂಬಿಟ್ಟುಕೊಂಡರೆ ವರ್ಷಪೂರ್ತಿ ಆದೀತು. ಕಸ ಗುಡಿಸುವವರಿಗೆ ಸಂತೋಷ, ಬೆಂಕಿ ಹಚ್ಚುವವರಿಗೆ ಕೆಲಸವಿಲ್ಲ.

ಒಣ ಎಲೆ ಕಡಿಮೆಯಾಗಿ ಹಸಿ ಹೆಚ್ಚಾದರೆ ಡ್ರಮ್ಮಿನಲ್ಲಿ ಬೆರಳ ತುದಿಯಷ್ಟು ಉದ್ದದ, ಚಪ್ಪಟೆಯಾದ, ಮಾಸಲು ಬಣ್ಣದ ಹುಳುಗಳು ನೂರಾರು ಕಾಣಿಸಿಕೊಳ್ಳುತ್ತವೆ. ಮುಚ್ಚಳ ತೆರೆದವರು ಕಿರುಚುತ್ತಾರೆ. ಇವು ಕಪ್ಪು ಸೈನಿಕ ನೊಣದ ಮರಿಗಳು. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಕಸವನ್ನು ನಿಮಗಿಂತ ಶ್ರದ್ಧೆಯಿಂದ ತಿಂದು ಮುಗಿಸುತ್ತವೆ. ಆದರೆ ಈ ವಿವರಣೆಯನ್ನು ಅತ್ತೆಯವರಿಗೆ ಡ್ರಮ್ಮಿನ ಪಕ್ಕದಲ್ಲಿ ನಿಂತು ಕೊಡಬಾರದು. ಕೆಳಗೆ ಬಂದು, ಕಾಫಿ ಕೊಟ್ಟು, ಆಮೇಲೆ.

ನೀರಿನ ಸಂಪರ್ಕ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ ಬಳಸಬಾರದೆಂದು ಆದೇಶ ಹೊರಡಿಸಿ 5000 ರೂಪಾಯಿ ದಂಡ ಗೊತ್ತುಮಾಡಿದ್ದು ನೆನಪಿರಬಹುದು. ಆಗಿನಿಂದ ತೋಟದವರ ಮನೆಯಲ್ಲಿ ಯಾವ ನೀರೂ ಸುಮ್ಮನೆ ಮೋರಿಗೆ ಹೋಗುತ್ತಿಲ್ಲ. ಅಕ್ಕಿ ತೊಳೆದ ನೀರು ಗುಲಾಬಿಗೆ, ಬೇಳೆ ತೊಳೆದದ್ದು ಕರಿಬೇವಿಗೆ, ತರಕಾರಿ ತೊಳೆದದ್ದು ಬಸಳೆಗೆ. ಪಾತ್ರೆ ತೊಳೆದ ಸೋಪಿನ ನೀರು ಯಾವುದಕ್ಕೂ ಬೇಡ. ಫಿಲ್ಟರಿನಿಂದ ಹೊರಬೀಳುವ ನೀರಿನಲ್ಲಿ ಉಪ್ಪಿನಂಶ ಹೆಚ್ಚು, ದಿನಾ ಅದನ್ನೇ ಹಾಕಿದರೆ ಎಲೆಯ ಅಂಚು ಸುಡುತ್ತದೆ. ಮಳೆನೀರು ಬೆರೆಸಿ ಹಾಕಬಹುದು.

ಹೊಸ ಬಳಕೆದಾರರು ಗಿಡಗಳನ್ನು ಕೊಲ್ಲುವುದು ಬಾಯಾರಿಕೆಯಿಂದಲ್ಲ, ಉಪಚಾರದಿಂದ. ಬೆಳಗ್ಗೆ ಯಜಮಾನರು ವಾಕಿಂಗ್ ಮುಗಿಸಿ ಒಂದು ಸುತ್ತು ನೀರು ಹಾಕುತ್ತಾರೆ. ಒಂಬತ್ತಕ್ಕೆ ಯಜಮಾನಿ ಬಟ್ಟೆ ಒಣಹಾಕಲು ಬಂದವರು ‘ಪಾಪ ಬಾಡಿದೆ’ ಎಂದು ಇನ್ನೊಂದು ಸುತ್ತು. ಸಂಜೆ ಮಗ ಫೋನಿನಲ್ಲಿ ಮಾತಾಡುತ್ತ ಮೂರನೆಯದು. ಬೇರು ಕೊಳೆತು ಗಿಡ ಬಾಡಿದಾಗ ಮೂವರೂ ಸೇರಿ ನಾಲ್ಕನೆಯದು. ನಿಯಮ: ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ, ಒಳಗೆ ಒಣಗಿದ್ದರೆ ಮಾತ್ರ ನೀರು. ಮನೆಯಲ್ಲಿ ಒಬ್ಬರದೇ ಬೆರಳು.

ಬಳಸುವ ವಿಧಾನ: ಸೊಪ್ಪು

ಸೊಪ್ಪಿನಿಂದ ಶುರುಮಾಡಿ. ಮೆಂತ್ಯ ಮೂರ್ನಾಲ್ಕು ದಿನಕ್ಕೆ ತಲೆ ಎತ್ತುತ್ತದೆ, ನಾಲ್ಕು ವಾರದೊಳಗೆ ಅಡುಗೆಮನೆಗೆ ಬರುತ್ತದೆ. ಹರಿವೆ, ದಂಟು, ಪಾಲಕ್ ಯಾವುದೂ ಮುನಿಸು ತೋರುವ ಜಾತಿಯಲ್ಲ. ಪುದೀನ ಮಾರ್ಕೆಟ್ಟಿನ ಕಟ್ಟಿನಿಂದಲೇ ಬೇರುಬಿಡುತ್ತದೆ. ಅದನ್ನು ಪ್ರತ್ಯೇಕ ಕುಂಡದಲ್ಲಿ ಬಂಧಿಸಿಡದಿದ್ದರೆ ತೋಟದ ಹೆಸರೇ ಪುದೀನ ತೋಟ ಎಂದಾಗುತ್ತದೆ. ದೊಡ್ಡಪತ್ರೆಯ ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟವರೂ ತಂಬುಳಿ ಮಾಡಿದ್ದಾರೆ. ಒಂದೆಲಗಕ್ಕೆ ನೆರಳು, ತೇವ ಇದ್ದರೆ ಸಾಕು. ನೆನಪಿನ ಶಕ್ತಿಗೆ ಒಳ್ಳೆಯದೆಂದು ನೆಟ್ಟು ಆಮೇಲೆ ಅದನ್ನು ಮರೆಯುವುದು ವಾಡಿಕೆ.

ಕೊತ್ತಂಬರಿ ಮಾತ್ರ ಬೇರೆ ಜಾತಿ. ಅಂಗಡಿಯ ಧನಿಯಾವನ್ನು ಹಾಗೇ ಚೆಲ್ಲಬೇಡಿ. ಒಂದೊಂದು ಕಾಳಿನೊಳಗೆ ಎರಡೆರಡು ಬೀಜ ಇರುತ್ತವೆ. ಚಪ್ಪಲಿಯಡಿಯೋ ಲಟ್ಟಣಿಗೆಯಡಿಯೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಆಮೇಲೆ ಬಿತ್ತಬೇಕು. ಹತ್ತು ದಿನ ಏನೂ ಕಾಣುವುದಿಲ್ಲ. ಒಂಬತ್ತನೆಯ ದಿನ ಬಳಕೆದಾರರು ಮಣ್ಣು ಕೆದಕಿ ನೋಡುತ್ತಾರೆ, ಇದನ್ನು ತಡೆಯಲು ಯಾವ ಕೈಪಿಡಿಯಿಂದಲೂ ಆಗಿಲ್ಲ. ಬೇಸಿಗೆಯಲ್ಲಿ ಬಿತ್ತಿದರೆ ಎಲೆ ಬರುವ ಮೊದಲೇ ಹೂ ಬಂದು ಕೆಲಸ ಮುಗಿಯುತ್ತದೆ. ಅದಕ್ಕೆ ಚಳಿ ಬೇಕು, ಅರೆ ನೆರಳು ಬೇಕು, ಸ್ಥಳಾಂತರ ಬೇಡ.

ಬಳಸುವ ವಿಧಾನ: ಬಳ್ಳಿ

ಈ ಅಧ್ಯಾಯವನ್ನು ಮಕ್ಕಳಿಗೆ ಓದಿಸಬಹುದು, ಶಾಲೆಯ ಪುಸ್ತಕಕ್ಕಿಂತ ಸ್ಪಷ್ಟವಾಗಿದೆ.

ಹೀರೆ, ಸೋರೆ, ಹಾಗಲ, ಕುಂಬಳ ಇವುಗಳ ಬಳ್ಳಿ ಚಪ್ಪರ ಮುಟ್ಟುವ ಹೊತ್ತಿಗೆ ಹೂ ಬಿಡುತ್ತವೆ. ಮನೆಯಲ್ಲಿ ಸಂಭ್ರಮ. ವಾರ ಕಳೆದರೂ ಒಂದು ಮಿಡಿಯೂ ನಿಲ್ಲುವುದಿಲ್ಲ, ಹೂವೆಲ್ಲ ಉದುರುತ್ತದೆ. ಇದಕ್ಕೆ ಪಕ್ಕದ ಮನೆಯವರ ಕಣ್ಣು ಕಾರಣವಲ್ಲ. ಮೊದಮೊದಲು ಬಿಡುವುದೆಲ್ಲ ಗಂಡು ಹೂವು. ಹೆಣ್ಣು ಹೂವು ನಿಧಾನಕ್ಕೆ ಬರುತ್ತದೆ. ಗುರುತಿಸುವುದು ಸುಲಭ: ಗಂಡಿನದು ಬರೀ ಸಪೂರ ತೊಟ್ಟು, ಹೆಣ್ಣಿನ ಹೂವಿನ ಬುಡದಲ್ಲೇ ಪುಟ್ಟದೊಂದು ಕಾಯಿ ಅಂಟಿಕೊಂಡಿರುತ್ತದೆ. ಹೀರೆಯ ಹೆಣ್ಣು ಹೂವಿನ ಕೆಳಗೆ ಗೆರೆ ಕೂಡ ಮೂಡಿರುವ, ಕಿರುಬೆರಳಿಗಿಂತ ಚಿಕ್ಕ ಹೀರೆಕಾಯಿ. ಕಂಡವರು ಕಾಯಿ ಬಂದೇಬಿಟ್ಟಿತೆಂದು ಅಮ್ಮನಿಗೆ ಫೋನ್ ಮಾಡುತ್ತಾರೆ. ದುಡುಕಬೇಡಿ. ಪರಾಗ ಬೀಳದಿದ್ದರೆ ಅದು ಹಳದಿಯಾಗಿ, ತುದಿಯಿಂದ ಮುರುಟಿ, ಒಂದು ಬೆಳಗ್ಗೆ ಕುಂಡದಲ್ಲಿ ಬಿದ್ದಿರುತ್ತದೆ.

ಹಳ್ಳಿಯ ಹಿತ್ತಲಲ್ಲಿ ಈ ಕೆಲಸವನ್ನು ದುಂಬಿ, ಜೇನು, ಪತಂಗಗಳು ನೋಡಿಕೊಳ್ಳುತ್ತವೆ. ನಾಲ್ಕನೇ ಮಹಡಿಗೆ ಅವು ಬರುವುದು ಅಪರೂಪ. ಹಾಗಾಗಿ ಬಳಕೆದಾರರೇ ಮಾಡಬೇಕು, ಅದೂ ಹೊತ್ತು ನೋಡಿ. ಕುಂಬಳ, ಹಾಗಲದ ಹೂ ಅರಳುವುದು ಬೆಳಗ್ಗೆ. ಹೀರೆಯ ಹೂ ಸಂಜೆ, ಬಿಸಿಲಿಳಿದ ಮೇಲೆ. ಸೋರೆಯದು ಇನ್ನೂ ಕತ್ತಲಿಗೆ, ಬೆಳ್ಳಗೆ, ತೆಳ್ಳಗೆ, ಪತಂಗಕ್ಕೆಂದೇ ಅರಳುತ್ತದೆ. ಆ ಹೊತ್ತಿಗೆ ಅವತ್ತೇ ಅರಳಿದ ಗಂಡು ಹೂವೊಂದನ್ನು ಕಿತ್ತು, ದಳಗಳನ್ನು ಬಿಡಿಸಿ, ನಡುವಿನ ಪುಡಿಪುಡಿ ಭಾಗವನ್ನು ಹೆಣ್ಣು ಹೂವಿನ ನಡುವಿನ ಅಂಟಂಟು ಗುಬುಟಿಗೆ ಮೆಲ್ಲಗೆ ಸವರಬೇಕು. ಒಂದು ಗಂಡು ಹೂವಿನಿಂದ ಎರಡು ಮೂರು ಹೆಣ್ಣು ಹೂವಿಗೆ ಆಗುತ್ತದೆ. ಸಂಜೆ ಏಳಕ್ಕೆ ಬಾಯಲ್ಲಿ ಟಾರ್ಚು ಕಚ್ಚಿ ಸ್ಟೂಲಿನ ಮೇಲೆ ನಿಂತಿರುವ ನಿಮ್ಮನ್ನು ಎದುರಿನ ಅಪಾರ್ಟ್‌ಮೆಂಟಿನವರು ನೋಡುತ್ತಾರೆ. ‘ಏನ್ ಸಾರ್ ಮಾಡ್ತಿದ್ದೀರಾ?’ ಎಂದು ಕೇಳಿದರೆ ‘ವೈರು ನೋಡ್ತಿದ್ದೆ’ ಎನ್ನುವುದು ರೂಢಿಯಲ್ಲಿರುವ ಉತ್ತರ.

ಮಿಡಿ ನಿಂತಿತೇ? ಇನ್ನು ಬೆರಳು ತೋರಿಸಬೇಡಿ. ಎಳೇ ಕಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರಲ್ಲ, ಕೊಳೆಯುವುದು ನಿಜ. ಕಾರಣ ಬೆರಳಲ್ಲ, ಹಣ್ಣುನೊಣ. ಅದು ಎಳೇ ಕಾಯಿಯ ಸಿಪ್ಪೆಗೆ ಸೂಜಿ ಚುಚ್ಚಿದ ಹಾಗೆ ಚುಚ್ಚಿ ಮೊಟ್ಟೆಯಿಟ್ಟು ಹೋಗುತ್ತದೆ. ಚುಚ್ಚಿದ ಜಾಗದಲ್ಲಿ ಅಂಟು ಒಸರುತ್ತದೆ, ಕಾಯಿ ಸೊಟ್ಟಗಾಗುತ್ತದೆ, ಒಳಗೆ ಹುಳು. ಮಿಡಿ ನಿಂತ ಕೂಡಲೇ ಹಳೇ ದಿನಪತ್ರಿಕೆಯ ಚೀಲವನ್ನೋ ಬಲೆಬಟ್ಟೆಯನ್ನೋ ತೊಡಿಸಿ ಬಾಯಿಗೆ ದಾರ ಕಟ್ಟಿದರೆ ನೊಣಕ್ಕೂ ಕಾಣುವುದಿಲ್ಲ, ಬೆರಳು ತೋರಿಸುವವರಿಗೂ ಕಾಣುವುದಿಲ್ಲ. ವಿಜ್ಞಾನವೂ ಅತ್ತೆಯವರೂ ಒಂದೇ ಪರಿಹಾರಕ್ಕೆ ಒಪ್ಪುವ ಅಪರೂಪದ ಸಂದರ್ಭ ಇದು, ಉಪಯೋಗಿಸಿಕೊಳ್ಳಿ.

ಸೀಮೆಬದನೆ ಹಾಕುವವರಿಗೆ ಒಂದು ಮಾತು. 1874ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಾನ್ ಕ್ಯಾಮೆರಾನ್ ಅದನ್ನು ಬೆಂಗಳೂರಿಗೆ ಪರಿಚಯಿಸಿದ ಎನ್ನುತ್ತಾರೆ. ಕಾಯಿಯನ್ನು ಇಡಿಯಾಗಿಯೇ ನೆಡಬೇಕು, ಬೀಜ ಹುಡುಕಿ ಹೆಚ್ಚಬೇಡಿ. ಬಳ್ಳಿ ಒಮ್ಮೆ ಹಿಡಿದರೆ ಚಪ್ಪರ ಸಾಲದೆ ಡಿಶ್ ಆಂಟೆನಾ ಏರುತ್ತದೆ, ಧಾರಾವಾಹಿಯ ಹೊತ್ತಿಗೆ ಚಿತ್ರ ನಿಲ್ಲುತ್ತದೆ.

ಅವರೆ: ವಿಶೇಷ ಸೂಚನೆ

ಬೆಂಗಳೂರಿನವರಿಗೆ ಹೇಳದೆ ಬಿಡುವಂತಿಲ್ಲ. ಸೊಗಡಿನ ನಾಟಿ ಅವರೆಯನ್ನು ಜನವರಿಯಲ್ಲಿ ಬಿತ್ತಿ ಬೇಸಿಗೆ ರಜೆಯಲ್ಲಿ ಹಿತಕಿದಬೇಳೆ ತಿನ್ನುತ್ತೇನೆಂದರೆ ಆಗದು. ಹಗಲು ಗಿಡ್ಡವಾಗುವ ತನಕ ಅದು ಹೂವೇ ಬಿಡುವುದಿಲ್ಲ. ಗೊಬ್ಬರ ಹಾಕಿದಷ್ಟೂ ಎಲೆ, ಬಳ್ಳಿ, ಇನ್ನೂ ಬಳ್ಳಿ. ಮಳೆಗಾಲದಲ್ಲಿ ಹಾಕಿ ಚಳಿಗೆ ಕಾಯಬೇಕು. ಕಾಯುವ ತಾಳ್ಮೆಯಿಲ್ಲದವರಿಗಾಗಿಯೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿ ಮಾಡಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಕೂಡ ಹಗಲಿನ ಉದ್ದ ನೋಡುವುದಿಲ್ಲ, ಯಾವ ಕಾಲಕ್ಕಾದರೂ ಗಿಡ್ಡ ಗಿಡದಲ್ಲೇ ಕಾಯಿ ಬಿಡುತ್ತವೆ. ಸೊಗಡು? ಅದನ್ನು ಕೇಳಿದರೆ ಮಾಗಡಿಯವರು ನಗುತ್ತಾರೆ.

ತಾರಸಿಯ ನಾಲ್ಕು ಬಳ್ಳಿಯಿಂದ ಬರುವ ಅವರೆ ಒಂದು ಸಾರಿಗೆ ಆಗುತ್ತದೆ. ಆ ಸಾರನ್ನು ಊಟ ಮಾಡುವಾಗ ‘ಇದು ನಮ್ಮ ತಾರಸಿಯದು’ ಎಂದು ಎಷ್ಟು ಸಲ ಬೇಕಾದರೂ ಹೇಳಬಹುದು, ಮಿತಿಯಿಲ್ಲ.

ಸಹ-ಬಳಕೆದಾರರು

ಹಿಟ್ಟು ತಿಗಣೆ: ದಾಸವಾಳದ ಕುಡಿಯಲ್ಲಿ ಹತ್ತಿ ಅಂಟಿಸಿದ ಹಾಗೆ ಕೂರುತ್ತದೆ. ಇರುವೆಗಳು ಸಾಲಾಗಿ ಹತ್ತಿ ಇಳಿಯುತ್ತಿದ್ದರೆ ಮೇಲೆ ತಿಗಣೆಯೋ ಹೇನೋ ಇದೆ ಎಂದು ತಿಳಿಯಿರಿ. ಅವು ಸುರಿಸುವ ಸಿಹಿಗಾಗಿ ಇರುವೆಗಳೇ ಕಾವಲು ಕಾಯುತ್ತವೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ ಹಾಕಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಬೇಡ. ಎಲೆಯ ಅಡಿಗೆ ತಾಗಬೇಕು. ಒಗೆದ ಬಟ್ಟೆ ತಂತಿಯ ಮೇಲಿರುವಾಗ ಸಿಂಪಡಿಸಿದರೆ ಆಗುವ ಪರಿಣಾಮಕ್ಕೆ ತಯಾರಕರು ಹೊಣೆಯಲ್ಲ.

ಕರಿಬೇವಿನ ಹುಳು: ಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬೇಕೆಂದೇ. ಕೆಲವು ದಿನ ಕಳೆದರೆ ದಪ್ಪಗೆ ಹಸಿರಾಗಿ, ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಹೊರಹಾಕಿ ಕೆಟ್ಟ ವಾಸನೆ ಬಿಡುತ್ತದೆ. ಇದು ನಿಂಬೆ ಚಿಟ್ಟೆಯ ಮರಿ. ಕರಿಬೇವು, ನಿಂಬೆ ಒಂದೇ ಕುಟುಂಬದವಾದ್ದರಿಂದ ಅದಕ್ಕೆ ಭೇದವಿಲ್ಲ. ಕಂಡ ದಿನವೇ ಎತ್ತಿಹಾಕಿದರೆ ಸರಿ. ಮಗಳು ಅದನ್ನು ನೋಡಿ ಹೆಸರಿಟ್ಟಳೋ, ಮುಗಿಯಿತು. ಆಮೇಲೆ ಕರಿಬೇವನ್ನು ಅಂಗಡಿಯಿಂದಲೇ ತರಬೇಕು, ಒಗ್ಗರಣೆಗಲ್ಲ, ಹುಳುವಿಗೆ. ಚಿಟ್ಟೆ ಹಾರಿಹೋದ ಮೇಲೆ ಬೋಳಾದ ಗಿಡದ ಬುಡಕ್ಕೆ ಹುಳಿ ಮಜ್ಜಿಗೆಯನ್ನು ನೀರು ಬೆರೆಸಿ ಹಾಕಿ, ಮತ್ತೆ ಚಿಗುರುತ್ತದೆ. ಆ ಚಿಗುರಿಗೆ ಅದೇ ಚಿಟ್ಟೆ ಬರುತ್ತದೆ.

ಮಂಗ: ನೈಲಾನ್ ಬಲೆ, ಪಟಾಕಿ, ಹುಲಿಯ ಗೊಂಬೆ ಎಲ್ಲವನ್ನೂ ಜನ ಪ್ರಯತ್ನಿಸಿದ್ದಾರೆ. ಗೊಂಬೆಯ ಮೇಲೆ ಕೂತು ಟೊಮೆಟೊ ತಿಂದ ವಿಡಿಯೋಗಳಿವೆ. ಹೆಚ್ಚು ಹೇಳುವುದಿಲ್ಲ.

ಹೂವಿನವರು: ಕಾಂಪೌಂಡಿನಾಚೆ ಬಾಗಿದ ದಾಸವಾಳ, ನಂದಿಬಟ್ಟಲು, ಕಣಗಿಲೆಗಳಿಗೆ ಬೆಳಗ್ಗೆ ಐದೂವರೆಗೆ ಬರುತ್ತಾರೆ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಮನೆಯಲ್ಲೇ ತಯಾರಿಸಿದ ಕೊಕ್ಕೆ ಕೋಲು. ಕಾಲಲ್ಲಿ ವಾಕಿಂಗ್ ಶೂ, ಬಾಯಲ್ಲಿ ವಿಷ್ಣು ಸಹಸ್ರನಾಮ. ಹಿಡಿದು ಕೇಳಿದರೆ ಸಂಭಾಷಣೆ ಎಲ್ಲ ಬಡಾವಣೆಗಳಲ್ಲೂ ಒಂದೇ:

‘ಏನ್ರೀ ಇದು, ಗಿಡ ಪೂರಾ ಬೋಳಿಸ್ಬಿಟ್ರಲ್ಲ!’

‘ದೇವ್ರಿಗೆ ಕಣ್ರೀ. ನಮಗೇನ್ ಮುಡ್ಕೊಳ್ಳೋಕಾ?’

‘ನಮ್ ಮನೇಲೂ ದೇವ್ರಿದೆ, ಆಂಟಿ.’

‘ಎಲ್ಲಾ ಒಂದೇ ದೇವ್ರಲ್ವಾ ಸಾರ್.’

ಈ ಕೊನೆಯ ಮಾತಿಗೆ ಉತ್ತರ ಹುಡುಕಹೋದರೆ ಶಂಕರಾಚಾರ್ಯರವರೆಗೆ ಹೋಗಬೇಕಾಗುತ್ತದೆ, ಆಫೀಸಿಗೆ ತಡವಾಗುತ್ತದೆ. ಬದಲಿಗೆ ಒಂದು ಉಪಾಯವಿದೆ. ದಾಸವಾಳದ ಹೂವಿಗೆ ಒಂದೇ ದಿನದ ಆಯುಸ್ಸು. ನಾಳೆ ಅರಳುವ ಮೊಗ್ಗು ಇವತ್ತು ಸಂಜೆಯೇ ಉದ್ದವಾಗಿ, ತುದಿಯಲ್ಲಿ ಬಣ್ಣ ಸುರುಳಿ ಸುತ್ತಿ ತಯಾರಾಗಿರುತ್ತದೆ. ಅದನ್ನು ಸಂಜೆಯೇ ಕಿತ್ತು ತಟ್ಟೆಯಲ್ಲಿ ನೀರು ಚಿಮುಕಿಸಿಟ್ಟರೆ ಬೆಳಗ್ಗೆ ದೇವರ ಮುಂದೆ ಅರಳುತ್ತದೆ. ಈ ಉಪಾಯ ಹೂವಿನವರಿಗೂ ಗೊತ್ತು. ನುರಿತವರು ಈಗ ಸಂಜೆಯ ವಾಕಿಂಗಿಗೂ ಬರುತ್ತಿದ್ದಾರೆ.

ಕಡ್ಡಿ ಕೇಳುವವರು: ‘ಒಂದು ಕಡ್ಡಿ ಕೊಡ್ರೀ’ ಎಂದವರಿಗೆ ಇಲ್ಲವೆನ್ನಬಾರದು. ಕೊಟ್ಟ ಕಡ್ಡಿ ಅವರ ಮನೆಯಲ್ಲಿ ಪೊದೆಯಾಗಿ ಬೆಳೆದು, ನಿಮ್ಮ ಮನೆಯದು ಸತ್ತು, ನೀವು ಹೋಗಿ ಅವರಲ್ಲಿ ಕಡ್ಡಿ ಕೇಳುವ ದಿನ ಬರುತ್ತದೆ. ಮನೆಯ ಬ್ಯಾಕಪ್ಪು ಎಂದು ಇದನ್ನೇ ಕರೆಯುವುದು.

ದೋಷ ಪತ್ತೆ

ಎಲೆಯ ಮೇಲೆ ಬಿಳಿ ಗೆರೆಗಳ ಚಿತ್ತಾರ: ರಂಗೋಲಿ ಹುಳು. ಎಲೆಯ ಒಳಗೇ ಸುರಂಗ ಕೊರೆಯುವುದರಿಂದ ಮೇಲಿನ ಸಿಂಪಡಣೆ ಅದಕ್ಕೆ ಅಷ್ಟಾಗಿ ತಾಗದು. ಎಲೆ ಕಿತ್ತುಹಾಕಿ.

ಬೆಂಡೆಯ ಎಲೆಯ ನರಗಳೆಲ್ಲ ಹಳದಿ: ಬಿಳಿ ನೊಣ ತಂದ ನಂಜು ರೋಗ. ಔಷಧಿಯಿಲ್ಲ, ಗಿಡ ಕೀಳಿ. ಮುಂದಿನ ಸಲ ಅರ್ಕಾ ಅನಾಮಿಕದಂಥ ರೋಗ ತಡೆಯುವ ತಳಿ ಹಾಕಿ.

ಟೊಮೆಟೊದ ತಳ ಕಪ್ಪಗೆ ಕುಳಿಬಿದ್ದಿದೆ: ಕಾಯಿಗೆ ಸುಣ್ಣದಂಶ ತಲುಪಿಲ್ಲ. ಒಂದು ದಿನ ಬಕೆಟ್ ನೀರು, ಮೂರು ದಿನ ಒಣಗು, ಹೀಗೆ ಮಾಡಿದ್ದರ ಫಲ. ದಿನಾ ಹದವಾಗಿ ನೀರು ಕೊಡಿ.

ಮಲ್ಲಿಗೆ ಹೂ ಬಿಡುತ್ತಿಲ್ಲ: ಬಿಸಿಲು ಸಾಲದು, ಅಥವಾ ಕತ್ತರಿ ಆಡಿಸಲು ನಿಮಗೆ ಮನಸ್ಸಾಗಿಲ್ಲ. ಚಳಿಗಾಲದಲ್ಲಿ ನಿರ್ದಯವಾಗಿ ಸವರಿ, ಯುಗಾದಿಯ ಹೊತ್ತಿಗೆ ನೋಡಿ.

ಎಲ್ಲವೂ ಸರಿಯಿದೆ, ಆದರೂ ಗಿಡ ಸತ್ತಿತು: ಆಗುತ್ತದೆ.

ಇಳುವರಿ ಮತ್ತು ಲೆಕ್ಕ

ಹೆಸರಘಟ್ಟದವರ ಅರ್ಕಾ ರಕ್ಷಕ್ ಎಂಬ ಟೊಮೆಟೊ ಎಲೆ ಮುಟುರು, ಸೊರಗು, ಅಂಗಮಾರಿ ಮೂರನ್ನೂ ತಡೆಯುತ್ತದೆ. ಒಳ್ಳೆಯ ಹೊಲದಲ್ಲಿ ಗಿಡವೊಂದಕ್ಕೆ 18 ಕಿಲೋವರೆಗೂ ಹಣ್ಣು ಬಿಟ್ಟಿದೆ. ಪೇಂಟ್ ಬಕೆಟ್ಟಿನಲ್ಲಿ ಎರಡು ಕಿಲೋ ಬಂದರೆ ಹಬ್ಬ ಮಾಡಿ. ಕುಂಡ, ಮಣ್ಣು, ಕೋಕೋಪೀಟ್, ಬಲೆ, ಸ್ಪ್ರೇಯರ್, ಆನ್‌ಲೈನಿನಲ್ಲಿ ತರಿಸಿದ ಜಪಾನಿ ಕತ್ತರಿ, ಇವುಗಳ ಬಿಲ್ಲನ್ನು ಎರಡು ಕಿಲೋದಿಂದ ಭಾಗಿಸುವ ಕೆಲಸಕ್ಕೆ ಯಾರೂ ಕೈಹಾಕಬಾರದು. ಮನೆಯಲ್ಲಿ ಸಿಎ ಓದುವವರಿದ್ದರೆ ಬಿಲ್ಲುಗಳನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡಿ.

ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ, ಹೊಲದಿಂದಲೇ ಕಳ್ಳತನವಾದ ಸುದ್ದಿ ಬಂದಾಗ ನಗರದ ತಾರಸಿಗಳ ಮೇಲೆಲ್ಲ ಟೊಮೆಟೊ ಸಸಿ ನೆಡಲಾಯಿತು. ಸಸಿ ನೆಟ್ಟು ಹಣ್ಣಾಗಲು ಎರಡು ತಿಂಗಳಿಗೆ ಮೇಲೆ ಬೇಕು. ಕೋಲಾರದ ರೈತರೂ ಅದೇ ಬೆಲೆ ನೋಡಿ ಅದೇ ವಾರ ನೆಟ್ಟಿರುತ್ತಾರೆ, ಹೆಚ್ಚು ಚೆನ್ನಾಗಿ ನೆಟ್ಟಿರುತ್ತಾರೆ. ನಿಮ್ಮ ಹಣ್ಣು ಕೆಂಪಾಗುವ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಕೇಳುವವರಿರುವುದಿಲ್ಲ, ತಳ್ಳುಗಾಡಿಯವನು ಕೂಗುವ ಬೆಲೆ ಕೇಳಿ ಮನೆಯವರು ನಿಮ್ಮ ಮುಖ ನೋಡುತ್ತಾರೆ. ಆಗ ಹೇಳಬೇಕಾದ ಮಾತು: ‘ಇದು ಔಷಧಿ ಹೊಡೆಯದ್ದು.’ ಇದಕ್ಕೆ ಎದುರುತ್ತರ ಇಲ್ಲ. ಅದು ನಿಜವೂ ಹೌದು. ಬೇಸಾಯವನ್ನೇ ನಂಬಿದವರು ಈ ಬೆಲೆಯ ಏರಿಳಿತವನ್ನು ಹೇಗೆ ತಾಳಿಕೊಳ್ಳುತ್ತಾರೆಂಬ ಪ್ರಶ್ನೆ ಎರಡು ಬಕೆಟ್ ಟೊಮೆಟೊ ಬೆಳೆದವರಿಗೂ ಒಮ್ಮೆಯಾದರೂ ಬರುತ್ತದೆ.

ವಾರಂಟಿ, ಬಿಡಿಭಾಗ, ಬೀಜ

ಈ ಉತ್ಪನ್ನಕ್ಕೆ ವಾರಂಟಿ ಇಲ್ಲ. ಆಲಿಕಲ್ಲು, ಮಂಗ, ಹೆಗ್ಗಣ, ಒಂದು ವಾರದ ಮದುವೆ ಪ್ರವಾಸ, ನೀರು ಹಾಕುತ್ತೇನೆಂದು ಒಪ್ಪಿಕೊಂಡ ಪಕ್ಕದ ಮನೆಯ ಹುಡುಗ, ಇವುಗಳಿಂದಾದ ನಷ್ಟವನ್ನು ತುಂಬಿಕೊಡಲಾಗದು. ಸತ್ತ ಗಿಡದ ಕುಂಡವನ್ನು ಎಸೆಯಬೇಡಿ. ಕಸದ ಗೊಬ್ಬರದಿಂದ ಬಂದ ಟೊಮೆಟೊ ಬೀಜವೋ ಕುಂಬಳದ ಬೀಜವೋ ಅದರಲ್ಲಿ ತಾನಾಗಿ ಹುಟ್ಟಿ, ನೀವು ಸಾಕಿದ್ದಕ್ಕಿಂತ ಚೆನ್ನಾಗಿ ಬೆಳೆಯುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಬೀಜ ಎತ್ತಿಡುವುದಾದರೆ ಪೊಟ್ಟಣದ ಮೇಲೆ ಎಫ್1 ಎಂದಿದೆಯೇ ನೋಡಿ. ಹಾಗಿದ್ದರೆ ಅದರ ಬೀಜದಿಂದ ತಾಯಿಯಂಥ ಗಿಡ ಬರುವ ಭರವಸೆಯಿಲ್ಲ. ನಾಟಿ ತಳಿಯದಾದರೆ ಮಾತ್ರ ಇಡಿ. ಸೋರೆಯಲ್ಲಿ ಮೊದಲ ಒಂದೆರಡು ಕಾಯಿ ಅಡುಗೆಗೆ ಕಿತ್ತುಕೊಂಡು, ಆಮೇಲೆ ಬಂದವುಗಳಲ್ಲಿ ಎಲ್ಲಕ್ಕಿಂತ ನೆಟ್ಟಗೆ, ದುಂಡಗೆ, ಕಲೆಯಿಲ್ಲದೆ ಇರುವುದನ್ನು ಬೀಜಕ್ಕೆ ಬಿಡಬೇಕು. ಹೌದು, ತಿನ್ನಬೇಕೆಂದು ನೀವು ಕಣ್ಣಿಟ್ಟಿದ್ದು ಅದನ್ನೇ. ಅದು ಬಳ್ಳಿಯಲ್ಲೇ ಬಲಿತು, ಸಿಪ್ಪೆ ಮರದ ಹಾಗೆ ಗಟ್ಟಿಯಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುವವರೆಗೆ ಮುಟ್ಟಬಾರದು. ಗುರುತಿಗೆ ತೊಟ್ಟಿಗೊಂದು ಕೆಂಪು ದಾರ ಕಟ್ಟಿ. ಕಟ್ಟಿದ ಮೇಲೆ ಅದು ಯಾಕೆಂದು ಮನೆಮಂದಿಗೆಲ್ಲ ತಿಳಿಸಿ, ಊರಿಂದ ಎರಡು ದಿನಕ್ಕೆಂದು ಬಂದಿರುವ ಅತ್ತಿಗೆಗೂ ಸೇರಿಸಿ. ತಿಳಿಸದಿದ್ದರೆ, ಸಂಜೆ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುವಾಗಲೇ ಅಡುಗೆಮನೆಯಿಂದ ಅವರ ದನಿ ಕೇಳುತ್ತದೆ:

‘ಎಂಥಾ ಎಳೇ ಕಾಯಿ ಗೊತ್ತಾ! ದಾರ ಕಟ್ಟಿದ್ರಲ್ಲ, ಇದನ್ನೇ ಕೀಳಬೇಕು ಅಂತ ಗುರುತು ಮಾಡಿದೀರಿ ಅಂದ್ಕೊಂಡೆ. ಪಲ್ಯಾನೂ ಆಯ್ತು, ಸಿಪ್ಪೇಲಿ ಚಟ್ನೀನೂ ಆಯ್ತು. ಬೇಗ ಕೈಕಾಲು ತೊಳ್ಕೊಂಡು ಬನ್ನಿ.’